ಶುಭಕಾರ್ಯದಲ್ಲಿ ಸೊನ್ನೆ

ಜೋಗೇಶ್ವರಿ,
16-6-1954

ಕುಮಾರಿ ಕೌಸಲ್ಯಾ ಅವರಿಗೆ ನಮಸ್ಕಾರಗಳು.

ಕುಶಲ ವಿಚಾರಿಸಿ ಬರೆಯುವಷ್ಟು ಪರಿಚಯ ನಮಗಿನ್ನೂ ಆಗಿಲ್ಲ. ಭಾನುವಾರ ನಾನೂ ನನ್ನ ತಾಯಿಯೂ ನಿಮ್ಮನ್ನು ನೋಡಲು ಬಂದು ಒಂದು ಗಂಟೆ ಕೂತಿದ್ದೆವು. ಅಷ್ಟರಲ್ಲಿ ನೀವು ಆಡಿದ್ದು ಎರಡೋ ಮೂರೋ ಮಾತು. ಆದ್ದರಿಂದ ನೇರವಾಗಿ ವಿಷಯಕ್ಕೇ ಬರುತ್ತೇನೆ. ಬರೆಯಲು ನಿಮ್ಮ ತಂದೆ ವೆಂಕಟಸುಬ್ಬಯ್ಯನವರ ಅಪ್ಪಣೆ ಕೇಳಿದ್ದೆ. "ಅವಳಿಗೇ ಬರೀರಿ, ಮದುವೆ ಆಗೋಳು ಅವಳು ತಾನೇ" ಅಂದರು. ಅಂಥ ತಂದೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ತಾಯಿಗೆ ಈ ಸಂಬಂಧ ಪೂರ್ತಿ ಒಪ್ಪಿಗೆಯಾಗಿದೆ. ಇದು ಸಣ್ಣ ಮಾತಲ್ಲ. ನಮ್ಮ ಜೋಯಿಸರು ಜಾತಕ ನೋಡಿ, ಹುಡುಗನದು ದೇವಗಣ, ಹುಡುಗಿಯದು ರಾಕ್ಷಸಗಣ, ಕೂಡುವುದಿಲ್ಲ ಎಂದು ಮೊದಲೇ ಹೇಳಿದ್ದರು. (ಬೇಸರಪಡಬೇಡಿ. ಕಾಫಿ ತಂದಿಟ್ಟಾಗ ನೀವು ಹಾಗೇನೂ ಕಾಣಲಿಲ್ಲ.) ಮೈಸೂರಿನ ಕಡೆಯವರು, ಮುಂಬಯಿಯಲ್ಲಿ ನಮ್ಮವರೆಂದು ಸಿಗುವುದೇ ಅಪರೂಪ, ನೋಡಿ ಬಂದರೆ ಗಂಟೇನು ಹೋಗುತ್ತದೆ ಎಂದು ಅಮ್ಮ ಅರೆಮನಸ್ಸಿನಿಂದ ಹೊರಟಿದ್ದರು. ಅವರ ಮನಸ್ಸು ತಿರುಗಿದ್ದು ನಾನು ಆಡಿಸಿದ ಆ ಅಂಕಿಯ ಆಟದಿಂದ.

ನಾಲ್ಕು ಅಂಕಿಯ ಒಂದು ಸಂಖ್ಯೆ ಗುಟ್ಟಾಗಿ ಬರೆದುಕೊಳ್ಳಿ, ಅದರ ಅಂಕಿಗಳನ್ನು ಕೂಡಿಸಿ ಅದೇ ಸಂಖ್ಯೆಯಿಂದ ಕಳೆಯಿರಿ, ಬಂದದ್ದರಲ್ಲಿ ಒಂದು ಅಂಕಿ ಹೊಡೆದುಹಾಕಿ ಉಳಿದದ್ದನ್ನು ಓದಿ ಎಂದೆ. ನೀವು "ನಾಲ್ಕು, ಮೂರು, ಎರಡು" ಅಂದಿರಿ. ನಾನು ಕಣ್ಣು ಮುಚ್ಚಿ, ಹೊಡೆದದ್ದು ಒಂಬತ್ತು ಎಂದೆ. ನೀವು ತಲೆಯಾಡಿಸಿದಿರಿ. ವಾಪಸು ಬರುವಾಗ ಲೋಕಲ್‌ನಲ್ಲಿ ಅಮ್ಮ ಹೇಳಿದ್ದು ಇಷ್ಟು: "ಗಂಡನಾಗೋನು ಹೆಂಡತಿ ಮನಸ್ಸಲ್ಲಿರೋದನ್ನ ಹೇಳಿಬಿಟ್ಟ ಮೇಲೆ ಗಣ ಕಟ್ಟಿಕೊಂಡು ಏನು ಮಾಡೋದು." ಆಮೇಲೆ ನಮ್ಮ ಚಾಳಿನಲ್ಲಿ ಅವರು ಈ ಕಥೆ ಹೇಳದ ಮನೆಯಿಲ್ಲ.

ಆಷಾಢ ಹಿಡಿಯುವ ಮುಂಚೆ ನಿಮ್ಮ ಅಭಿಪ್ರಾಯ ತಿಳಿದರೆ, ಶ್ರಾವಣದಲ್ಲಿ ಹಿರಿಯರು ಮಾತು ಮುಂದುವರಿಸಬಹುದು.

ಇತಿ,
ಎಂ. ಸತ್ಯಮೂರ್ತಿ


ಮಾಟುಂಗ,
21-6-1954

ಶ್ರೀ ಸತ್ಯಮೂರ್ತಿ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಅಪ್ಪ ಒಡೆಯದೆ ನನ್ನ ಪುಸ್ತಕದ ಮೇಲಿಟ್ಟು ಹೋದರು. ಸಂಜೆ ಊಟಕ್ಕೆ ಕೂತಾಗ ಮಳೆಯ ವಿಷಯ ಮಾತ್ರ ಮಾತಾಡಿದರು. ಅವರು ಪ್ರಶ್ನೆ ಕೇಳುವ ರೀತಿ ಅದು.

ಅಭಿಪ್ರಾಯ ತಿಳಿಸುವ ಮುಂಚೆ ಒಂದು ತಿದ್ದುಪಡಿ ಇದೆ. ನಾನು ಹೊಡೆದದ್ದು ಒಂಬತ್ತಲ್ಲ, ಸೊನ್ನೆ.

ನಾನು ಬರೆದುಕೊಂಡದ್ದು 4312. ಅಂಕಿಗಳ ಮೊತ್ತ ಹತ್ತು. ಕಳೆದರೆ 4302. ಮೂರನ್ನು ಹೊಡೆಯೋಣವೆಂದು ಪೆನ್ಸಿಲ್ ಇಟ್ಟಿದ್ದೆ. ನಮ್ಮ ಅಜ್ಜಿ ನನ್ನ ಹಿಂದೆಯೇ ನಿಂತಿದ್ದರಲ್ಲ, ಅವರು ಬೆನ್ನಿಗೆ ತಿವಿದು, "ಶುಭಕಾರ್ಯಕ್ಕೆ ಕೂತು ಸೊನ್ನೆ ಇಟ್ಕೋತೀಯೇನೆ, ಮೊದಲು ಅದನ್ನ ಹೊಡಿ" ಎಂದು ಕಿವಿಯಲ್ಲಿ ಅಂದರು. ನಮ್ಮಲ್ಲಿ ಮದುವೆ ಮುಂಜಿಗೆ ಹತ್ತು ರೂಪಾಯಿ ಮುಯ್ಯಿ ಕೊಡುವುದಿಲ್ಲ, ಹನ್ನೊಂದೇ. ನಿಮ್ಮಲ್ಲೂ ಹಾಗೇ ಇದ್ದೀತು. ನಾನು ಸೊನ್ನೆ ಹೊಡೆದೆ. ನೀವು ಒಂಬತ್ತು ಎಂದಿರಿ. ನಾನು ಬಾಯಿ ತೆರೆಯುವುದರೊಳಗೆ ಅಜ್ಜಿ, "ಹೌದಪ್ಪ, ಒಂಬತ್ತೇ, ಎಷ್ಟು ಚೆನ್ನಾಗಿ ಹೇಳಿದೆ" ಎಂದುಬಿಟ್ಟರು. ನಿಮ್ಮ ತಾಯಿಯ ಮುಖ ಅರಳಿತು. ಹೆಣ್ಣು ನೋಡಲು ಬಂದವರಿಗೆ ಎದುರಿಗೇ "ತಪ್ಪು" ಎನ್ನುವುದು ನಮ್ಮಲ್ಲಿ ಯಾರೂ ಮಾಡಿದ್ದಿಲ್ಲ. ತಲೆಯಾಡಿಸಿದೆ.

ಆಟದ ಗುಟ್ಟು ನನಗೆ ಗೊತ್ತಿತ್ತು. ನಾನು ಬಿ.ಎಸ್ಸಿ. ಕೊನೆಯ ವರ್ಷ, ಗಣಿತ. ಹತ್ತು ಎಂದರೆ ಒಂಬತ್ತು ಮತ್ತೊಂದು. ನೂರು ಎಂದರೆ ತೊಂಬತ್ತೊಂಬತ್ತು ಮತ್ತೊಂದು. ಅಂಕಿಗಳ ಮೊತ್ತ ಕಳೆಯುವುದೆಂದರೆ ಆ "ಮತ್ತೊಂದು"ಗಳನ್ನೆಲ್ಲ ಆಯ್ದು ತೆಗೆಯುವುದು. ಉಳಿಯುವುದು ಬರೀ ಒಂಬತ್ತರ ಗುಂಪು. ಅಂಥ ಸಂಖ್ಯೆಯ ಅಂಕಿಗಳನ್ನು ಕೂಡಿಸಿದರೆ ಒಂಬತ್ತೋ ಹದಿನೆಂಟೋ ಇಪ್ಪತ್ತೇಳೋ ಬರಲೇಬೇಕು. ಓದಿದ ಅಂಕಿಗಳ ಮೊತ್ತ ಅದಕ್ಕೆ ಎಷ್ಟು ಕಡಿಮೆಯಿದೆಯೋ ಅದೇ ಹೊಡೆದ ಅಂಕಿ. ನಾಲ್ಕು, ಮೂರು, ಎರಡು ಕೂಡಿದರೆ ಆಗಲೇ ಒಂಬತ್ತು. ಹಾಗಾದಾಗ ಹೊಡೆದದ್ದು ಸೊನ್ನೆಯೂ ಇರಬಹುದು, ಒಂಬತ್ತೂ ಇರಬಹುದು. ಅದಕ್ಕೇ ಆಟ ಬಲ್ಲವರು "ಸೊನ್ನೆ ಹೊಡೆಯಬೇಡಿ" ಎಂದು ಮೊದಲೇ ಹೇಳಿರುತ್ತಾರೆ. ನೀವು ಹೇಳಲಿಲ್ಲ.

ನಿಮ್ಮ ತಾಯಿ ಜಾತಕ ಬದಿಗಿಟ್ಟದ್ದು ನನ್ನ ಆ ಒಂದು ತಲೆಯಾಡಿಸುವಿಕೆಯ ಮೇಲೆ ಎಂದು ಓದಿ ನನಗೆ ನಾಚಿಕೆಯಾಯಿತು. ಅವರಿಗೆ ನಿಜ ತಿಳಿಸಿ. ಆಮೇಲೂ ಅವರು ಒಪ್ಪಿದರೆ ನನ್ನ ಅಭಿಪ್ರಾಯ ಬರೆಯುತ್ತೇನೆ.

ಇತಿ,
ವಿ. ಕೌಸಲ್ಯಾ


ಜೋಗೇಶ್ವರಿ,
9-7-1954

ಕುಮಾರಿ ಕೌಸಲ್ಯಾ ಅವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಹಳಿಯ ಮೇಲೆ ನೀರು ನಿಂತು ಎರಡು ದಿನ ಲೋಕಲ್ ಇರಲಿಲ್ಲ ಎಂದು ನೆವ ಹೇಳಬಹುದು. ಆದರೆ ನಾನು ಕೆಲಸ ಮಾಡುವ ಕಾರ್ಖಾನೆ ಮನೆಯಿಂದ ನಡೆದುಹೋಗುವಷ್ಟೇ ದೂರ, ಅಂಚೆಡಬ್ಬಿ ಅದರ ಪಕ್ಕದಲ್ಲೇ. ನಿಮ್ಮ ಪತ್ರ ಓದಿ ಕೋಪ ಬಂದಿತ್ತು, ಅದು ಇಳಿಯಲಿ ಎಂದು ಕಾದೆ.

ಸೊನ್ನೆಯ ಎಚ್ಚರಿಕೆ ಹೇಳುವುದನ್ನು ನಾನು ಯಾವತ್ತೂ ಮರೆತವನಲ್ಲ. ನಿಮಗಿಂತ ಮುಂಚೆ ಮೂರು ಮನೆಗಳಲ್ಲಿ ಈ ಆಟ ಆಡಿಸಿದ್ದೇನೆ. ತಲೆ ತಗ್ಗಿಸಿ ಕೂತ ಹುಡುಗಿಯ ಹತ್ತಿರ ಏನು ಮಾತಾಡಬೇಕೋ ತಿಳಿಯದವನಿಗೆ ಅದೊಂದು ಊರುಗೋಲು. ಆ ದಿನ ಮರೆತದ್ದಕ್ಕೆ ಕಾರಣ, ನೀವು ತಲೆ ತಗ್ಗಿಸಿರಲಿಲ್ಲ. ನೇರ ನೋಡುತ್ತಿದ್ದಿರಿ. ನೀವು ನನಗೆ ಹಿಡಿಸಿದಿರಿ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಅದಕ್ಕೇ ಕೇಳುತ್ತೇನೆ, ಅಮ್ಮನಿಗೆ ಹೇಳಲೇಬೇಕೆ? ಹೇಳಿದರೆ ಹೋಗುವುದು ಸೊನ್ನೆಯೊಂದೇ ಅಲ್ಲ, ಸಂಬಂಧವೇ ಹೋಗುತ್ತದೆ. ಗಣ ಮತ್ತೆ ಎದ್ದು ಕೂರುತ್ತದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಇಲ್ಲಿ ಇರುವುದು ಒಂದೇ, ಅದನ್ನೂ ಹೇಳಿದವರು ನಿಮ್ಮ ಅಜ್ಜಿ.

ಇತಿ,
ಸತ್ಯಮೂರ್ತಿ


ಮಾಟುಂಗ,
13-7-1954

ಶ್ರೀ ಸತ್ಯಮೂರ್ತಿ ಅವರಿಗೆ,

ಆ ಗಾದೆ ಮದುವೆ ಮಾಡಿಸುವವರಿಗೆ, ಮದುವೆಯಾಗುವವರಿಗಲ್ಲ.

ನಾನು ಒಂದು ಸಲ ತಲೆಯಾಡಿಸಿದೆ. ಅದರ ಮೇಲೆ ಮದುವೆಯಾದರೆ ನಾಳೆ ನಿಮ್ಮ ತಾಯಿ ನೆಂಟರೆದುರು "ಇವನು ಇವಳ ಮನಸ್ಸಲ್ಲಿರೋದನ್ನ ಹೇಳಿದ" ಎಂದಾಗಲೆಲ್ಲ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಲೇ ಇರಬೇಕು. ಆಮೇಲೆ ಬೇರೆ ವಿಷಯಗಳಿಗೂ ಅದೇ ಅಭ್ಯಾಸವಾಗುತ್ತದೆ. ನಮ್ಮ ಅಮ್ಮ ಬದುಕಿದ್ದಷ್ಟು ದಿನ ಹಾಗೇ ಇದ್ದರು. ನನಗೆ ಅದು ಆಗದು.

ನಿಮ್ಮ ಮೇಲೆ ನನಗೆ ಕೋಪವಿಲ್ಲ. ಹೇಳಲಾರಿರಾದರೆ ಇಲ್ಲಿಗೇ ಬಿಡೋಣ.

ಇತಿ,
ವಿ. ಕೌಸಲ್ಯಾ


ಜೋಗೇಶ್ವರಿ,
6-8-1954

ಕುಮಾರಿ ಕೌಸಲ್ಯಾ ಅವರಿಗೆ,

ಬಿಡೋಣ ಎಂದೇ ಇದ್ದೆ. ಆದರೆ ಇಲ್ಲಿ ಒಂದು ಸಂಗತಿ ನಡೆಯಿತು. ಅದರಲ್ಲಿ ನಿಮ್ಮ ಸಹಾಯ ಬೇಕು.

ನಮ್ಮ ಪಕ್ಕದ ಕೋಣೆಯಲ್ಲಿ ಧಾರವಾಡದ ಕಡೆಯ ಸೇವಂತಿ ಎಂಬಾಕೆ ಇದ್ದಾಳೆ. ಗಂಡ ಕಾಶಪ್ಪ ಇಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿದ್ದ. ಅದು ಮುಚ್ಚಿದ ಮೇಲೆ ಕೆಲಸ ಹುಡುಕಿಕೊಂಡು ಸೂರತ್‌ಗೆ ಹೋದ. ಸಂಕ್ರಾಂತಿಯಿಂದ ಅವನ ಕಾಗದವಿಲ್ಲ. ಅಮ್ಮನ ಕಥೆ ಕೇಳಿ ಸೇವಂತಿ ಹೋದ ತಿಂಗಳು ಒಂದು ಸ್ಲೇಟು ಹಿಡಿದು ಬಂದಳು. ಸುಮ್ಮನೆ ಆಟಕ್ಕೆ ಬಂದಿದ್ದಾಳೆ ಎಂದುಕೊಂಡು, ಸೊನ್ನೆಯ ಎಚ್ಚರಿಕೆಯನ್ನೂ ಹೇಳಿ, ಆಡಿಸಿದೆ. ಅವಳು ಹೊಡೆದ ಅಂಕಿ ಸರಿಯಾಗಿ ಹೇಳಿದೆ. ಅವಳು ಸ್ಲೇಟು ಕೆಳಗಿಟ್ಟು ಕೈ ಮುಗಿದಳು.

"ಮನಸಿನ್ಯಾಗಿಂದು ಬರೋಬ್ಬರಿ ಹೇಳಿದ್ರಿ. ನಮ್ಮ ಮನಿಯವರು ಅದಾರೋ ಇಲ್ಲೋ, ಅಷ್ಟು ಹೇಳ್ರಿ."

ಇದು ಬರೀ ಲೆಕ್ಕ, ನನಗೆ ಯಾರ ಮನಸ್ಸೂ ತಿಳಿಯುವುದಿಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ ಕೂತು, "ಕೆಟ್ಟದ್ದು ಕಂಡದ ನಿಮಗ. ಅದಕ್ಕ ಹೇಳವಲ್ರಿ" ಎಂದು ಎದ್ದುಹೋದಳು. ಮರುದಿನದಿಂದ ಹೂ ಮುಡಿಯುವುದನ್ನು ಬಿಟ್ಟಿದ್ದಾಳೆ. ಒಲೆ ಹಚ್ಚಿದರೆ ಹಚ್ಚಿದಳು, ಇಲ್ಲವಾದರೆ ಇಲ್ಲ.

ಹೆದರಿಕೆಯಾಗಿ ಅಮ್ಮನಿಗೆ ಎಲ್ಲ ಹೇಳಿದೆ. ಲೆಕ್ಕ ಹೇಳಿದೆ, ನಿಮ್ಮ ಮನೆಯಲ್ಲಿ ಆದ ತಪ್ಪನ್ನೂ ಹೇಳಿದೆ. ಅವರು ನಂಬಲಿಲ್ಲ. ಆ ಹುಡುಗಿಯೇ ಹೌದು ಅಂದಳಲ್ಲ, ಸೇವಂತಿಯ ದುಃಖ ಕಂಡು ನೀನು ಮಾತು ಮರೆಸುತ್ತಿದ್ದೀಯ ಎನ್ನುತ್ತಾರೆ. ಇಷ್ಟು ದಿನ ಸುಳ್ಳು ನಂಬಿಸಲು ನನಗೇನೂ ಕಷ್ಟವಾಗಿರಲಿಲ್ಲ. ಈಗ ನಿಜ ನಂಬಿಸಲು ನನ್ನಿಂದ ಆಗುತ್ತಿಲ್ಲ.

ಆಟ ತಪ್ಪಿದ್ದು ನಿಮ್ಮೆದುರು ಮಾತ್ರ. ತಪ್ಪಿತು ಎಂದು ನೀವು ಬಾಯಿಬಿಟ್ಟು ಹೇಳಿದರೆ ಅವರಿಬ್ಬರೂ ನಂಬಿಯಾರು. ಹೇಳಿದರೆ ಏನು ಮುರಿಯುತ್ತದೆ ಎಂದು ನನಗೆ ಗೊತ್ತಿದೆ. ಆದರೂ ಕೇಳುತ್ತಿದ್ದೇನೆ.

ಇತಿ,
ಸತ್ಯಮೂರ್ತಿ


ಮಾಟುಂಗ,
12-8-1954

ಶ್ರೀ ಸತ್ಯಮೂರ್ತಿ ಅವರಿಗೆ ನಮಸ್ಕಾರಗಳು.

ಇಪ್ಪತ್ತೆರಡನೇ ತಾರೀಖು ಭಾನುವಾರ ನಾನೂ ಅಪ್ಪನೂ ಬರುತ್ತೇವೆ. ಅಪ್ಪನಿಗೆ ಎಲ್ಲ ಹೇಳಿದೆ. ಅವರು ಜೋಗೇಶ್ವರಿಯಲ್ಲಿ ಫಾಸ್ಟ್ ಲೋಕಲ್ ನಿಲ್ಲುತ್ತದೆಯೇ ಎಂದಷ್ಟೇ ಕೇಳಿದರು. ಅಜ್ಜಿ ಬರುವುದಿಲ್ಲ. "ನಾನು ಒಂಬತ್ತು ಅಂದಿದ್ದೀನಿ, ನನ್ನ ಮಾತು ಒಂಬತ್ತೇ" ಅನ್ನುತ್ತಾರೆ.

ಸೇವಂತಿಯವರ ಮುಂದೆ ನಾನು ಮಾತು ಮಾತ್ರ ಆಡಿದರೆ ಸಾಲದು. ಒಂದು ಹಿಡಿ ಹುಣಸೆಬೀಜ ತೆಗೆದಿಡಿ, ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸುತ್ತೇನೆ.

ನಿಮ್ಮ ಹಾಗೆ ನಾನೂ ಒಂದು ಮಾತು ನೇರವಾಗಿ ಬರೆಯುತ್ತೇನೆ. ಬಂದು ಹೇಳಿದರೆ ಈ ಸಂಬಂಧ ಮುರಿಯಬಹುದು. ಜೂನ್ ತಿಂಗಳಲ್ಲಿ ಕೇಳಿದ್ದರೆ ಮುರಿದರೆ ಮುರಿಯಲಿ ಎನ್ನುತ್ತಿದ್ದೆ. ಈಗ ಮುರಿಯುವುದು ನನಗೆ ಇಷ್ಟವಿಲ್ಲ. ಸೇವಂತಿಯವರ ವಿಷಯ ನೀವು ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಅದಕ್ಕೇ ನನ್ನ ಮನಸ್ಸು ಹೀಗಾಯಿತು ಎಂದು ಕಾಣುತ್ತದೆ.

ಇತಿ,
ಕೌಸಲ್ಯಾ


ಜೋಗೇಶ್ವರಿ,
26-8-1954

ಕೌಸಲ್ಯಾ ಅವರಿಗೆ,

ನೀವು ನೋಡಿದ್ದನ್ನು ನಾನು ಮತ್ತೆ ಬರೆಯಬೇಕಿಲ್ಲ. ನೀವು ನೋಡದೆ ಇದ್ದದ್ದನ್ನು ಬರೆಯುತ್ತೇನೆ.

ನೀವು ನೆಲದ ಮೇಲೆ ಕೂತು ಹುಣಸೆಬೀಜ ಹತ್ತು ಹತ್ತರ ಗುಡ್ಡೆ ಮಾಡಿ, ಪ್ರತಿ ಗುಡ್ಡೆಯಿಂದ ಒಂದೊಂದು ತೆಗೆಯಿರಿ ಎಂದು ಸೇವಂತಿಯ ಕೈಯಲ್ಲೇ ತೆಗೆಸುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತು ಅಮ್ಮನನ್ನು ನೋಡುತ್ತಿದ್ದೆ. ಸೇವಂತಿ ತಾನೇ ಆಟ ಆಡಿಸಿ, ನೀವು ಹೊಡೆದ ಅಂಕಿ ಹೇಳಿ ನಿಮ್ಮನ್ನು ಸೋಲಿಸಿದಾಗಲೂ ಅಮ್ಮನ ಮುಖ ಹಾಗೇ ಇತ್ತು. "ಅಂದ್ರ ಇವರಿಗೆ ಏನೂ ತಿಳಿಯೂದಿಲ್ಲೇನು?" ಎಂದು ಅವಳು ನನ್ನ ಕಡೆ ಬೆರಳು ಮಾಡಿದಾಗ, "ಏನೂ ತಿಳಿಯೋದಿಲ್ಲ" ಎಂದು ನೀವು ಎಷ್ಟು ಗಟ್ಟಿಯಾಗಿ ಹೇಳಿದಿರಿ! ಅವಳು ನಕ್ಕು, ನಗುತ್ತಲೇ ಅತ್ತಳು. ನನಗೆ ಏನೂ ತಿಳಿಯದು ಎಂಬ ಸುದ್ದಿಯಿಂದ ಒಬ್ಬರಿಗೆ ಇಷ್ಟು ಸಂತೋಷವಾದೀತೆಂದು ನಾನು ಎಣಿಸಿರಲಿಲ್ಲ.

ಆಮೇಲೆ ನೀವು ಅಮ್ಮನ ಕಡೆ ತಿರುಗಿ, "ಅಮ್ಮ, ನಾನು ಹೊಡೆದದ್ದು ಸೊನ್ನೆ. ಇವರು ಹೇಳಿದ್ದು ತಪ್ಪು. ನಾನು ಸುಳ್ಳಿಗೆ ತಲೆಯಾಡಿಸಿದೆ" ಎಂದಿರಲ್ಲ, ಆಗ ಅಮ್ಮ ಹಿಡಿದಿದ್ದ ಲೋಟ ಕೆಳಗಿಟ್ಟರು. ಅಷ್ಟೇ. ಅವರು ವಿಧವೆ, ಕುಂಕುಮ ಕೊಡುವ ಹಾಗಿಲ್ಲ. ಸೇವಂತಿಯನ್ನು ಕರೆದು ನಿಮಗೆ ಕೊಡಿಸಿದರು. ಕಾಶಪ್ಪನ ಸುದ್ದಿ ಇನ್ನೂ ಬಂದಿಲ್ಲ. ಆದರೆ ಸೇವಂತಿ ಮತ್ತೆ ಹೂ ಮುಡಿಯುತ್ತಿದ್ದಾಳೆ.

ನೀವು ಹೋದ ಮೇಲೆ ಅಮ್ಮ, "ಹಾಗಾದ್ರೆ ಗಣದ ವಿಷಯ ಮತ್ತೆ ಯೋಚಿಸಬೇಕು" ಎಂದು ಹೇಳಿ ಮಲಗಿಬಿಟ್ಟರು. ಆ ವಿಷಯ ಮತ್ತೆ ಎತ್ತಿಲ್ಲ. ನಿನ್ನೆ ನಾನೇ ಎತ್ತಿದೆ. ಗಣ ಕೂಡದಿದ್ದರೂ ಪರವಾಗಿಲ್ಲ, ಮದುವೆಯಾದರೆ ಕೌಸಲ್ಯಾ ಅವರನ್ನೇ ಎಂದೆ. ಅಮ್ಮ ಎದ್ದು ಒಲೆಯ ಮುಂದೆ ಹೋಗಿ ಕೂತರು. ಅಪ್ಪ ತೀರಿಕೊಂಡ ಮೇಲೆ ಹಪ್ಪಳ ಒತ್ತಿ ಮಾರಿ ನನ್ನನ್ನು ಓದಿಸಿದವರು ಅವರು. ಅವರನ್ನು ನೋಯಿಸಿ ತಾಳಿ ಕಟ್ಟುವ ಧೈರ್ಯ ನನಗಿಲ್ಲ. ಹೀಗೆ ಬರೆಯುವುದು ಗಂಡಸಿಗೆ ಶೋಭೆಯಲ್ಲ, ಆದರೆ ಇರುವುದು ಹೀಗೆಯೇ. ಬೇರೆ ಒಳ್ಳೆಯ ಸಂಬಂಧ ಬಂದರೆ ನಮಗಾಗಿ ಕಾಯಬೇಡಿ. ಇದನ್ನು ಬರೆಯುವಾಗ ನನಗೆ ತುಂಬ ಸಂಕಟವಾಗುತ್ತಿದೆ.

ಇತಿ,
ಸತ್ಯಮೂರ್ತಿ


ಜೋಗೇಶ್ವರಿ,
11-9-1954

ಚಿ|| ಕೌಸಲ್ಯೆಗೆ ಮೂರ್ತಿಯ ತಾಯಿ ಸರಸ್ವತಮ್ಮ ಮಾಡುವ ಆಶೀರ್ವಾದ.

ನಾನು ಕಾಗದ ಬರೆದು ವರ್ಷಗಳಾದವು. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿಕೋ. ಮೂರ್ತಿ ಕೆಲಸಕ್ಕೆ ಹೋಗಿದ್ದಾನೆ. ನಾನು ಬರೆಯುವುದು ಅವನಿಗೆ ಗೊತ್ತಿಲ್ಲ.

ಆವತ್ತು ನೀನು ನನ್ನೆದುರು ನಿಂತು ಹಾಗೆ ಹೇಳಿದಾಗ ನನಗೆ ಸಿಟ್ಟು ಬಂತು. ಇಲ್ಲ ಅಂದರೆ ಸುಳ್ಳಾಗುತ್ತೆ. ಇಷ್ಟು ದಿನ ಮನಸ್ಸಿನಲ್ಲೇ ಇಟ್ಟುಕೊಂಡು ನೋಡಿದೆ, ಸಿಟ್ಟು ನಿನ್ನ ಮೇಲಲ್ಲ ಅಂತ ಈಗ ಗೊತ್ತಾಯಿತು.

ನನ್ನ ಮದುವೆ ಹತ್ತಕ್ಕೆ ಹತ್ತು ಕೂಟವೂ ಕೂಡಿ ಆದ ಮದುವೆ. ಇಂಥ ಜಾತಕ ಕೈಗೇ ಬಂದಿರಲಿಲ್ಲ ಅಂತ ಜೋಯಿಸರು ಎರಡು ಸಲ ಹೇಳಿದರಂತೆ. ನಮ್ಮ ಯಜಮಾನರೇನೂ ಕೆಟ್ಟವರಲ್ಲ. ಒಂದು ದಿನ ಬೈದವರಲ್ಲ, ಕೈ ಎತ್ತಿದವರಲ್ಲ. ಆದರೆ ನಿನ್ನ ಮನಸ್ಸಲ್ಲಿ ಏನಿದೆ ಅಂತ ಒಂದು ದಿನವಾದರೂ ಕೇಳಿದವರಲ್ಲ. ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ ನಾನು ಕಾಯ್ತಿದ್ದೆ. ಅವರು ಹೋದ ಮೇಲೆ ಕಾಯೋದು ನಿಂತಿತು. ಇದನ್ನು ನಾನು ಯಾರ ಹತ್ತಿರವೂ ಹೇಳಿಕೊಂಡಿಲ್ಲ, ಮೂರ್ತಿ ಹತ್ತಿರವೂ ಇಲ್ಲ.

ನಿಮ್ಮ ಮನೆಯಲ್ಲಿ ಮೂರ್ತಿ ಕಣ್ಣು ಮುಚ್ಚಿಕೊಂಡು ನಿನ್ನ ಮನಸ್ಸಲ್ಲಿ ಇರೋದು ಇಂಥದ್ದು ಅಂದಾಗ ನನಗೆ ಅಂಕಿ ಕಿವಿಗೆ ಬೀಳಲೇ ಇಲ್ಲ. ಒಬ್ಬ ಗಂಡಸು ಒಂದು ಹೆಣ್ಣಿನ ಮನಸ್ಸಲ್ಲಿ ಏನಿದೆ ಅಂತ ತಿಳಿಯೋಕೆ ಕೂತಿದ್ದಾನೆ, ಅವನು ನನ್ನ ಮಗ. ನನಗೆ ಕಂಡದ್ದು ಅಷ್ಟೇ. ಅವನು ಹೇಳಿದ್ದು ತಪ್ಪು ಅಂತ ನೀನು ಅಂದೆ. ತಪ್ಪಾಗಲಿ ಬಿಡು. ಕೇಳಿದನಲ್ಲ.

ಗಣದ ಮಾತು ಇನ್ನು ಎತ್ತೋದಿಲ್ಲ. ಜೋಯಿಸರಿಗೆ ನಾನೇ ಹೇಳಿಕೋತೀನಿ. ನಿನ್ನ ಓದು ಮುಗಿಯೋ ತನಕ ಅವಸರವೂ ಇಲ್ಲ, ಪರೀಕ್ಷೆ ಯಾವಾಗ ಅಂತ ತಿಳಿಸಿದರೆ ಅದಾದ ಮೇಲೆ ಮುಹೂರ್ತ ನೋಡಿಸಬಹುದು. ಆದರೆ ಇದೆಲ್ಲ ನಾನು, ನಿಮ್ಮಪ್ಪ, ಮೂರ್ತಿ ಕೂತು ಗೊತ್ತುಮಾಡೋ ವಿಷಯವಲ್ಲ. ನಮ್ಮ ಮನೆಗೆ ಬರೋಳು ನೀನು. ನಿನ್ನ ಮನಸ್ಸಲ್ಲಿ ಏನಿದೆ ಅಂತ ನಾನು ಕೇಳ್ತಾ ಇದ್ದೀನಿ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ, ನನಗೇ ಬರಿ.

ಇಂತಿ ಆಶೀರ್ವಾದ,
ಸರಸ್ವತಮ್ಮ